ಕಿವಿಯ ಹಿಂದಿನ ಬಿಳಿ ಗರಿ

ಅಕ್ಕಾ,

ನಿನಗೆ ಓದು ಬಾರದೆಂದು ಗೊತ್ತಿದ್ದೂ ಬರೆಯುತ್ತಿದ್ದೇನೆ. ನನ್ನ ಓರಗಿತ್ತಿ ಕೊಳ್ಳೇಗಾಲದಲ್ಲಿ ಓದಿದವಳು ಅಂತ ಊರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದೆಯಲ್ಲ, ಆ ಓದು ಇದಕ್ಕಾದರೂ ಬರಲಿ.

ನಮ್ಮ ಸೀಮೆ ಮೈಸೂರಿಗೆ ಸೇರಿದ ವರ್ಷ ನಾನು ಸತ್ತೇಗಾಲಕ್ಕೆ ಸೊಸೆಯಾಗಿ ಬಂದೆ. ಹೊಳೆ ನಡುವಿನ ಗಡ್ಡೆಯಲ್ಲಿ ನಮ್ಮದೊಂದು ತುಂಡು ಗದ್ದೆ. ಮಾರ್ನಮಿ ಕಳೆದು ಭತ್ತ ಹಾಲುಗಟ್ಟುವಾಗ ಎಲ್ಲೆಲ್ಲಿಂದಲೋ ಬಾತುಗಳು ಬಂದಿಳಿಯುತ್ತಿದ್ದವು. ನಾವಿಬ್ಬರೂ ಅಟ್ಟಣೆ ಹತ್ತಿ ಕೂಗಿ ಅವನ್ನು ಎಬ್ಬಿಸಬೇಕು. ನನಗೋ ಗಂಟಲೇ ಏಳದು. "ಕೂಗು ಕಣಮ್ಮಿ, ಬಾತುಗೋಳೇನ್ ನಿನ್ ಮಾವನಾ ನಾಚ್ಕೊಳಾಕೆ?" ಅನ್ನುತ್ತಿದ್ದೆ ನೀನು.

ಅವತ್ತು ನಿನ್ನ ಮಗಳು ಗೌರಿ ಅಪ್ಪನ ಜೊತೆ ಗಡ್ಡೆಗೆ ಹೊರಟಾಗ ನೀನೇ ಅವಳ ಕಿವಿಯ ಹಿಂದೆ ನಂದಿಬಟ್ಟಲ ಹೂವು ಸಿಕ್ಕಿಸಿದೆ. ನಡುಹೊಳೆಯಲ್ಲಿ ಹರಿಗೋಲು ಮಗುಚಿತು. ಬಾವ ದಡ ಸೇರಿದರು, ಮಗು... ಮಗಳ ಕೈ ಯಾಕೆ ಬಿಟ್ರಿ ಅಂತ ನೀನು ಒಮ್ಮೆ ಕೇಳಿದೆ. ಅವರು ಬಾಯಿ ಬಿಡಲಿಲ್ಲ. ಆಮೇಲೆ ನಿಮ್ಮಿಬ್ಬರ ಮಾತೆಲ್ಲ ನನ್ನ ಮೂಲಕವೇ. "ಅವ್ರಿಗ್ ಯೋಳು, ಉಣ್ಣಾಕ್ ಬರ್ಲಿ." "ಅವ್ಳಿಗ್ ಯೋಳಮ್ಮ, ಅಸಿವಿಲ್ಲ."

ಮರುವರ್ಷ ಬಾತುಗಳ ನಡುವೆ ಬೇರೊಂದು ಹಕ್ಕಿ ಒಂಟಿಯಾಗಿ ಬಂತು. ಬೂದು ಮೈ, ಕಪ್ಪು ಕುತ್ತಿಗೆ, ಕಿವಿಯ ಹಿಂದೆ ಬಿಳಿ ಗರಿ. ಅಂಥದ್ದನ್ನು ನಮ್ಮ ಕಡೆ ಯಾರೂ ಕಂಡಿರಲಿಲ್ಲ. ಕೂಗಲು ಬಾಯಿ ತೆರೆದವಳು ನೀನು ನಿಲ್ಲಿಸಿ, "ಊವ ಇನ್ನೂ ಬಾಡಿಲ್ಲ ನೋಡು" ಅಂದೆ. ಅದು ವರ್ಷವರ್ಷವೂ ಬಂತು, ಬಾವ ವರ್ಷವರ್ಷವೂ ಕವಣೆ ಬೀಸಿ ಎಬ್ಬಿಸಿದರು. ಅದು ಹಾರಿಹೋದ ಮೇಲೂ ಅವರು ಅದು ಹೋದ ದಿಕ್ಕನ್ನೇ ನೋಡುತ್ತ ನಿಲ್ಲುತ್ತಿದ್ದುದನ್ನು ನೀನು ನೋಡಿದ್ದೆಯಾ?

ನೀನಿಲ್ಲದ ಮೊದಲ ಮಾರ್ನಮಿ ಇದು. ನಿನಗೆ ಎಡೆ ಇಟ್ಟು ಗಡ್ಡೆಗೆ ಹೋದೆವು. ನಾನು ಅಟ್ಟಣೆ ಹತ್ತಿ ಕೂಗಿದೆ. ಬಂದದ್ದು ನಿನ್ನ ದನಿ ಅಕ್ಕಾ. ಕೆಳಗಿದ್ದ ಬಾವ ಬೆಚ್ಚಿ ಮೇಲೆ ನೋಡಿದರು. ಬಾತುಗಳೆಲ್ಲ ಎದ್ದುಹೋದವು. ಗದ್ದೆಯ ಮೂಲೆಯಲ್ಲಿ ಆ ಹಕ್ಕಿ ಮಾತ್ರ ಏಳಲಿಲ್ಲ. ಈ ಸಲ ಎರಡು ಬಂದಿವೆ. ಒಂದು ತೆನೆ ಎಳೆದು ತಿನ್ನುತ್ತಿತ್ತು, ಇನ್ನೊಂದು ತಿನ್ನದೆ ನಮ್ಮನ್ನೇ ನೋಡುತ್ತ ನಿಂತಿತ್ತು.

ಕವಣೆಗಿಟ್ಟ ಕಲ್ಲನ್ನು ಬಾವ ಕೆಳಗೆ ಹಾಕಿದರು. ನನ್ನ ಕಡೆ ತಿರುಗದೆಯೇ ಹೇಳಿದರು: "ಅವ್ಳಿಗ್ ಯೋಳಮ್ಮ. ನಾನ್ ಕೈ ಬುಡ್ಲಿಲ್ಲ. ವೊಳೆ ಕಿತ್ಕೊಂಡ್ತು."

ಆ ಮೂಲೆಯ ಭತ್ತ ಕೊಯ್ಯಿಸುವುದಿಲ್ಲ, ಇದು ನನ್ನ ಮಾತು. ಅವರು ಹೇಳಿದ್ದನ್ನು ನಿನಗೆ ಹೇಳಿದ್ದೇನೆ. ಅಟ್ಟಣೆಯ ಕೆಳಗೆ ನಿನ್ನ ಮಾತಿಗೆ ಕಾಯುತ್ತ ಕೂತಿದ್ದಾರೆ ಅಕ್ಕಾ, ಅವರಿಗೆ ಏನೆಂದು ಹೇಳಲಿ?