ಜಗಲಿಯ ಗೋಡೆ

೬ ಏಪ್ರಿಲ್ ೧೯೪೬, ಶನಿವಾರ. ದೊಡ್ಡಬಳ್ಳಾಪುರ.

ಕದಿರಮ್ಮನ ಮುಖ ಕಣ್ಣಮುಂದಿನಿಂದ ಹೋಗುತ್ತಿಲ್ಲ. ಸಾಸಲು ಹಳ್ಳಿಯಿಂದ ಬಂದಿದ್ದರು. ಹೋದ ವರ್ಷ ನಾನು ತೆಗೆದ ಅವರ ಮನೆ ಜಗಲಿಯ ಫೋಟೋ ಬೇಕಂತೆ. ಮನುಷ್ಯರಿಲ್ಲದ ಬರೀ ಗೋಡೆ, ಬರೀ ಬಯಲು ತೆಗೆಯುವವನು ನಾನು. ಕೇಳಿಕೊಂಡು ಬಂದವರು ಇವರೊಬ್ಬರೇ. ಹಿಗ್ಗಿನಿಂದ ಕೊಟ್ಟೆ.

ಬೆಳಕಿಗೆ ಹಿಡಿದು ನೋಡಿದರು. "ನಮ್ಮ ಯಜಮಾನ್ರು ದಿನಾ ಒರಗಿ ಕೂತು ಕೂತು ಗೋಡೇಲಿ ತಲೆ ಎಣ್ಣೆ ಕಲೆ ಆಗಿತ್ತು ಕಣಪ್ಪಾ. ಅವರು ಹೋದ್ಮೇಲೆ ಅದೊಂದು ಉಳ್ಕೊಂಡಿತ್ತು. ಹಬ್ಬಕ್ಕೆ ಸೊಸೆ ಸುಣ್ಣ ಬಳಿದ್ಬಿಟ್ಲು. ಈ ಪಟದಲ್ಲೂ ಇಲ್ವಲ್ಲಪ್ಪಾ?"

ಇತ್ತು. ಗೋಡೆ ಚೊಕ್ಕಟವಾಗಿ ಕಾಣಲೆಂದು ನೆಗೆಟಿವ್‌ನ ಗಾಜಿನ ಪ್ಲೇಟಿನ ಮೇಲೆ ಪೆನ್ಸಿಲ್ ಆಡಿಸಿ ನಾನೇ ಅದನ್ನು ಮುಚ್ಚಿದ್ದೆ. "ಸೋಮವಾರ ಬನ್ನಿ ಅಮ್ಮಾ, ಇನ್ನೊಂದು ಪ್ರಿಂಟ್ ಹಾಕಿಡ್ತೀನಿ" ಎಂದೆ.

ಸಂಜೆ ಟರ್ಪೆಂಟೈನಿನಲ್ಲಿ ಬಟ್ಟೆ ಅದ್ದಿ ಪ್ಲೇಟನ್ನು ಒರೆಸಿದೆ. ಮತ್ತೆ ಪ್ರಿಂಟ್ ಹಾಕಿದಾಗ ಕಲೆ ಮೆಲ್ಲಗೆ ಮೂಡಿತು, ತಲೆಯಷ್ಟೇ ಅಗಲ. ಈಗ ಆ ಫೋಟೋದಲ್ಲಿ ನೋಡುವುದಕ್ಕೆ ಇರುವುದು ಅದೊಂದೇ.

ಪೆಟ್ಟಿಗೆಯಲ್ಲಿ ಹನ್ನೆರಡು ವರ್ಷದ ಗೋಡೆಗಳಿವೆ. ಎಲ್ಲವನ್ನೂ ನಾನೇ ಚೊಕ್ಕಟ ಮಾಡಿಟ್ಟಿದ್ದೇನೆ.