ನಲವತ್ನಾಲ್ಕನೇ ಪ್ಲೇಟು

ಸಿಂಧನೂರು
14 ಸೆಪ್ಟೆಂಬರ್ 2025, ಭಾನುವಾರ

ಮಗಳು ಮಿತ್ರಾಗೆ ಅವ್ವನ ಜೈಭೀಮ್.

ತಡವಾಯಿತು, ಕ್ಷಮಿಸು. ನೀನು ಸೈನ್ಯದ ತರಬೇತಿಗೆ ಹೋಗಿ ನಾಲ್ಕೂವರೆ ತಿಂಗಳು. ನಿನ್ನ ಎರಡು ಪತ್ರ ಬಂದವು, ಒಂದಕ್ಕೂ ನಾನು ಉತ್ತರಿಸಲಿಲ್ಲ. ನಿನ್ನ ಫೋನ್ ಬಂದಾಗಲೂ ಅಪ್ಪನ ಕೈಗೆ ಕೊಟ್ಟು ಅಡುಗೆಮನೆಗೆ ಹೋಗುತ್ತಿದ್ದೆ. ಎರಡನೇ ಪತ್ರದಲ್ಲಿ ನೀನು ಕೇಳಿದ್ದು ಒಂದೇ ಪ್ರಶ್ನೆ: ಡಿಸೆಂಬರಿನ ಪರೇಡು ನೋಡಲು ಮನೆಯವರಿಗೆ ಪಾಸ್ ಬರೆಸಬೇಕು, ಒಂದೋ ಎರಡೋ? ಆ ಮಾತಿಗೂ ಬರುತ್ತೇನೆ. ಮೊದಲು ಸುದ್ದಿ ಹೇಳದಿದ್ದರೆ ನನಗೆ ಕೂತಲ್ಲಿ ಕೂರಲಾಗುವುದಿಲ್ಲ.

ನಲವತ್ನಾಲ್ಕು ಸಿಕ್ಕಿತು!

ಏಪ್ರಿಲ್‌ನಲ್ಲೇ ಸಿಕ್ಕಿತ್ತಲ್ಲ ಎನ್ನುತ್ತೀ. ಅದನ್ನು ಕೊನೆಯಲ್ಲಿ ಬರೆಯುತ್ತೇನೆ.

ಬುಧವಾರ ಲಿಂಗಸುಗೂರಿನಿಂದ ಬಾಬುಸಾಬ್ ಫೋನ್ ಮಾಡಿದರು. ಹತ್ತು ವರ್ಷದ ಹಿಂದೆ ಅವರ ಗುಜರಿ ಅಂಗಡಿಯಲ್ಲೇ ಮೊದಲ ಮೂರು ಹಾಡಿನ ಪ್ಲೇಟು ಸಿಕ್ಕಿದ್ದು, ನಿನಗೆ ನೆನಪಿರಬೇಕು. ಹಟ್ಟಿ ಗಣಿಗೆ ಯಂತ್ರ ಕೂಡಿಸಲು ಬಂದ ಅಮೆರಿಕದವನೊಬ್ಬ ಬಿಟ್ಟುಹೋದ ಪೆಟ್ಟಿಗೆಯಲ್ಲಿದ್ದವು ಎನ್ನುತ್ತಾರೆ ಅವರು. ನಾನು ನಂಬಿಯೂ ಇಲ್ಲ, ಅಲ್ಲಗಳೆದೂ ಇಲ್ಲ. ಆ ದೇಶದ ಹಳ್ಳಿಗಾಡಿನ ಹಾಡುಗಾರರಿಂದ ಕಾಲು ಗಂಟೆ ಹಾಡಿಸಿ, ನಡುನಡುವೆ ‘ಸೈನ್ಯಕ್ಕೆ ಸೇರಿ’ ಎಂದು ಕರೆದು, ರೇಡಿಯೋ ನಿಲಯಗಳಿಗೆ ಪುಕ್ಕಟೆ ಕಳಿಸುತ್ತಿದ್ದ ಪ್ಲೇಟುಗಳು. ಅಂಗಡಿಯಲ್ಲಿ ಮಾರಿದ್ದಲ್ಲ, ಬಿತ್ತರಿಸಿ ಎಸೆಯಲೆಂದೇ ಮಾಡಿದ್ದು. ಎಸೆದದ್ದು ಉಳಿದು ಬಂದಿದೆಯಲ್ಲ, ಅದಕ್ಕೇ ನನಗೆ ಈ ಹುಚ್ಚು. ಉಳಿದವನ್ನು ಅಲ್ಲಿಂದ ಇಲ್ಲಿಂದ ಅಂಚೆಯಲ್ಲಿ ತರಿಸಿಕೊಂಡೆ. 41ರಿಂದ 52ರವರೆಗೆ ಎಲ್ಲ ಇದ್ದವು, 44 ಒಂದನ್ನು ಬಿಟ್ಟು.

“ಮೇಡಂ ಅವ್ರ, ನೀವು ಊರೂರು ಹುಡುಕಾಕತ್ತಿದ್ದ ನಂಬರು ನಮ್ಮ ಮನ್ಯಾಗ ಅಕ್ಕಿ ಡಬ್ಬಿ ಮ್ಯಾಲ ಕುಂತೈತಿರೀ!” ಎಂದರು ಬಾಬುಸಾಬ್.

ನಿಮ್ಮಪ್ಪ ಪೇಪರಿನಿಂದ ತಲೆಯೆತ್ತಿ, “ನಲವತ್ನಾಲ್ಕು ಆವಾಗ್ಲೇ ಸಿಕ್ಕಿತ್ತಲ್ಲ?” ಎಂದರು. ನಾನು ಚಪ್ಪಲಿ ಹುಡುಕುತ್ತಿದ್ದೆ.

ಬಾಬುಸಾಬರ ಹೆಂಡತಿ ಗುಲ್ಷನ್‌ಬೀ ಅದನ್ನು ಡಬ್ಬಿಯ ಮುಚ್ಚಳ ಮಾಡಿಕೊಂಡು ವರ್ಷಗಳಿಂದ ಸೋಪು ಹಚ್ಚಿ ತೊಳೆಯುತ್ತಿದ್ದರಂತೆ. ನಡುವಿನ ಕಾಗದವೆಲ್ಲ ಹೋಗಿ, ಅಂಚಿನ ಬಳಿ ಗೀಚಿದ 44 ಮಾತ್ರ ಉಳಿದಿದೆ. ಕೊಡಲು ಅವರಿಗೇನೂ ಬೇಸರವಿರಲಿಲ್ಲ.

“ಒಯ್ಯಿರಿ ಮೇಡಂ, ಬ್ಯಾಡ ಅನ್ನಂಗಿಲ್ಲ. ಆದ್ರ ನನ್ನ ಡಬ್ಬಿ ಬಾಯಿ ತಕ್ಕೊಂಡು ಕುಂದ್ರಬೇಕೇನು? ಇಲಿ ನಿಮ್ಮ ಹಾಡು ಕೇಳಿ ಸುಮ್ಮನ ಹೋಗ್ತಾವೇನು?”

ಪಾತ್ರೆ ಅಂಗಡಿಯಲ್ಲಿ ಟೇಪು ಹಿಡಿದು ಅಳೆದು, ಸರಿಯಾಗಿ ಹದಿನಾರು ಇಂಚಿನ ಅಲ್ಯೂಮಿನಿಯಂ ಮುಚ್ಚಳ ತಂದುಕೊಟ್ಟೆ. ಗುಲ್ಷನ್‌ಬೀ ಅದನ್ನು ಎರಡು ಸಲ ಮುಚ್ಚಿ ತೆಗೆದು, “ಹಾಂ, ಈಗ ಒಯ್ಯಿರಿ” ಎಂದರು.

ಬಸ್ಸಿನಲ್ಲಿ ತೊಡೆಯ ಮೇಲೆ ಮಗುವಿನಂತೆ ಇಟ್ಟುಕೊಂಡು ಬಂದೆ. ಮಸ್ಕಿಯಲ್ಲಿ ಹತ್ತಿದ ಪಾಮನಕಲ್ಲೂರಿನ ಅಜ್ಜಿಯೊಬ್ಬರು, “ಏನವ್ವಾ ಇದು, ರೊಟ್ಟಿ ಹಂಚೇನು?” ಎಂದರು. ಹಾಡಿನ ಪ್ಲೇಟು ಎಂದೆ. “ಹಂಗಾರ ಕಂಡಕ್ಟರಗ ಕೊಡು, ಹಚ್ಚಲಿ. ಸಿಂಧನೂರು ಇನ್ನ ದೂರ ಐತಿ.”

ರೇಡಿಯೋ ಮೆಕ್ಯಾನಿಕ್ ಗಾಳೆಪ್ಪ ಮಾವ ಸಂಜೆ ಮನೆಗೆ ಬಂದರು. ನನಗಾಗಿ ಇಷ್ಟಗಲದ ಪ್ಲೇಟಿಗೆ ಹೊಂದುವ ಉದ್ದ ಕೈಯ ಪ್ಲೇಯರು ಮಾಡಿಕೊಟ್ಟವರಲ್ಲವೇ, ಮೊದಲ ಸಲ ಸೂಜಿ ಇಡುವ ಹಕ್ಕು ಅವರದು. ಅಂಚಿಗೆ ಇಟ್ಟರು. ಸೂಜಿ ಜಾರಿ ಹೊರಗೆ ಬಿತ್ತು. ಮತ್ತೆ ಇಟ್ಟರು, ಮತ್ತೆ ಬಿತ್ತು.

“ಸತ್ತೈತಿ ಬಿಡು ರಾಜಶ್ರೀ. ಆ ಮೂರರ ತಮ್ಮ ಇದು.”

ಆ ಮೂರು ಎಂದರೆ 41, 42, 43. ಅವು ಕೂಡ ಹೀಗೇ ಜಾರಿದ್ದವು. ನಾನು ಕೆಂಪು ಶಾಯಿಯಲ್ಲಿ ಕವರಿನ ಮೇಲೆ ‘ಸತ್ತದ್ದು’ ಎಂದು ಬರೆದು ಕಪಾಟಿನ ತಳಕ್ಕೆ ಸೇರಿಸಿದ್ದೆ. ಗಾಳೆಪ್ಪ ಮಾವನ ಮಾತು ಕೇಳಿದಾಗ ನೀನು ನೆನಪಾದೆ. ನಾಲ್ಕನೇ ತರಗತಿ, ಎರಡು ಜಡೆ. “ಅವ್ವಾ, ಒಳಗಿನಿಂದ ಇಟ್ಟು ನೋಡ್ಲೇನು?” ಎಂದಿದ್ದೆ. “ಪುಸ್ತಕ ಕೊನೀ ಪುಟದಿಂದ ಓದ್ತಾರೇನು? ಸೂಜಿ ಮುಟ್ಟಬ್ಯಾಡ” ಎಂದು ನಾನು ನಿನ್ನ ಕೈ ಸರಿಸಿದ್ದೆ.

ಈಗ ನಾನೇ ಸೂಜಿಯನ್ನು ನಡುವಿನ ತೂತಿನ ಪಕ್ಕ ಇಟ್ಟೆ.

ಮಿತ್ರಾ, ಹಾಡಿತು! ಮೊದಲು ಪಿಟೀಲು, ಆಮೇಲೆ ಅಳುವಂತೆ ಎಳೆಯುವ ಆ ಗಿಟಾರು, ಆಮೇಲೆ ನಿರೂಪಕನ ನಗುವ ಧ್ವನಿ. ಸೂಜಿ ಒಳಗಿನಿಂದ ಹೊರಕ್ಕೆ ನಡೆಯಿತು. ಹದಿನಾಲ್ಕು ನಿಮಿಷ ಇಪ್ಪತ್ತು ಸೆಕೆಂಡು, ನಾಲ್ಕು ಹಾಡು. ಮೂರನೆಯದನ್ನು ಹಾಡಿದವಳು ಹೆಣ್ಣು, ಇಡೀ ಸರಣಿಯಲ್ಲಿ ಒಬ್ಬಳೇ ಒಬ್ಬಳು! ಅವಳ ಹಾಡು ಮುಗಿದ ಕೂಡಲೇ ನಿರೂಪಕ ಏನೋ ಗಡಿಬಿಡಿಯಲ್ಲಿ ಹೇಳಿದ.

“ಏನಂತಾನ ಅಂವ?” ಎಂದರು ನಿಮ್ಮಪ್ಪ.

“ಹುಡಿಗ್ಯಾರೂ ಬರ್ರಿ ಅಂತಾನ,” ಎಂದೆ.

“ಹೇಳು ಅಂವಗ, ನಮ್ಮಾಕಿ ಹೋಗ್ಯಾಳಂತ,” ಎಂದು ನಿಮ್ಮಪ್ಪ ಗಾಳೆಪ್ಪ ಮಾವನ ಕಡೆ ತಿರುಗಿದರು. “ಹತ್ತು ವರ್ಷ ಮನ್ಯಾಗ ಇವನ್ನ ಹಚ್ಚಿ ಕೇಳಿಸಿ, ಈಗ ಮಗಳು ಎದ್ದು ಹೋದ್ಲಂತ ಸಿಟ್ಟು ಮಾಡ್ತಾಳ ನೋಡು ಗಾಳೆಪ್ಪ!”

ಗಾಳೆಪ್ಪ ಮಾವ ಬಿದ್ದು ಬಿದ್ದು ನಕ್ಕರು. ನನಗೂ ನಗು ಬಂತು. ಕಪಾಟಿನ ತಳದಿಂದ ಆ ಮೂರನ್ನೂ ತೆಗೆದು ಒಳಗಿನಿಂದ ಹಚ್ಚಿದೆವು. ಮೂರೂ ಹಾಡಿದವು! ಹತ್ತು ವರ್ಷ ಸತ್ತದ್ದು ಎಂದು ಬರೆಸಿಕೊಂಡು ಮಲಗಿದ್ದವು, ಒಂದು ತೊದಲೂ ಇಲ್ಲದೆ ಹಾಡಿದವು. ಕವರಿನ ಮೇಲಿನ ಕೆಂಪು ಅಕ್ಷರವನ್ನು ಹೊಡೆದು ‘ಒಳಗಿನಿಂದ ಆರಂಭ. ಮೊದಲು ಹೇಳಿದವಳು: ಸಂಘಮಿತ್ರಾ’ ಎಂದು ಬರೆದಿದ್ದೇನೆ.

ಡಿಗ್ರಿ ಎರಡನೇ ವರ್ಷಕ್ಕೇ ಬಿಟ್ಟು ಹೋದೆ ಎಂಬ ನೋವು ನನಗೆ ಈಗಲೂ ಇದೆ, ಸುಳ್ಳು ಹೇಳಲಾರೆ. ಆದರೆ ನಿನ್ನ ಮೊದಲ ಪತ್ರದಲ್ಲಿ ಹದಿನಾರು ಕಿಲೋಮೀಟರ್ ಓಡಿ ಮೊದಲಿಗಳಾದೆ ಎಂದಿದ್ದೆಯಲ್ಲ, ಆ ಸಾಲನ್ನು ನಮ್ಮ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಓದಿ ಹೇಳಿದ್ದೇನೆ. ಎರಡು ಸಲ.

ಕಾಲು ಜೋಪಾನ. ಹೊಟ್ಟೆ ತುಂಬ ಉಣ್ಣು. ಬಾಬಾಸಾಹೇಬರ ಬೆಳಕು ನಿನ್ನ ದಾರಿಯ ಮೇಲಿರಲಿ, ನೀನು ನಡೆದದ್ದೇ ದಾರಿಯಾಗಲಿ.

ನಿನ್ನ ಅವ್ವ,
ರಾಜಶ್ರೀ

ತಾ.ಕ.: ಏಪ್ರಿಲ್ 27ರ ವಿಷಯ. ನೀನು ಹೊರಡುವ ಬೆಳಿಗ್ಗೆ, “ಲಿಂಗಸುಗೂರಾಗ ನಲವತ್ನಾಲ್ಕು ಸಿಕ್ಕೈತಂತ, ಇವತ್ತ ಹೋಗದಿದ್ರ ಬ್ಯಾರೇದವ್ರ ಪಾಲಾಗ್ತೈತಿ” ಎಂದು ನಿನಗೆ ಹೇಳಿ ಹೋದೆ. ನೀನು ಬ್ಯಾಗು ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಏನೂ ಸಿಕ್ಕಿರಲಿಲ್ಲ. ನಿನ್ನನ್ನು ಕಳಿಸಲು ಬರಲಾರದೆ ಮಸ್ಕಿಯಲ್ಲಿ ಇಳಿದು, ನಿನ್ನ ಬಸ್ಸು ಹೊರಡುವ ಹತ್ತೂವರೆಯವರೆಗೆ ಕಲ್ಲು ಬೆಂಚಿನ ಮೇಲೆ ಕೂತಿದ್ದೆ. ಮನೆಗೆ ಬಂದು ನನ್ನ ಪ್ಲೇಟುಗಳ ಪಟ್ಟಿಯಲ್ಲಿ 44ರ ಎದುರು, ಸಿಕ್ಕಿತೆಂದು, ಆ ದಿನದ ತಾರೀಖು ಹಾಕಿದೆ. ಇಷ್ಟು ವರ್ಷಗಳ ಪಟ್ಟಿಯಲ್ಲಿ ಅದೊಂದೇ ಸುಳ್ಳು. ಇವತ್ತು ಹೊಡೆದು ಹಾಕಿದೆ.

ಅವತ್ತು ಬಸ್ಸಿನಲ್ಲಿ ಕೊಟ್ಟ ಹೆಂಗಸರ ಸೊನ್ನೆ ಟಿಕೆಟ್ ಇದರೊಳಗೆ ಇಟ್ಟಿದ್ದೇನೆ. ಅಕ್ಷರ ಮಾಸಿವೆ, ಬೆಳಕಿಗೆ ಹಿಡಿದರೆ ‘ಸಿಂಧನೂರು–ಮಸ್ಕಿ’ ಎಂದು ಕಾಣುತ್ತದೆ. ಕಂಡಕ್ಟರಿಗೆ ನಾನು ಲಿಂಗಸುಗೂರು ಎಂದು ಹೇಳಿರಲೇ ಇಲ್ಲ.

ಇಷ್ಟು ಓದಿದ ಮೇಲೂ ಮನಸ್ಸಿದ್ದರೆ ಎರಡು ಪಾಸ್ ಬರೆಸು. ಒಂದೇ ಬರೆಸಿದರೆ ಅಪ್ಪ ಬರುತ್ತಾರೆ. ಆ ದಿನ ನಾನು ಮಸ್ಕಿಗೆ ಹೋಗುವುದಿಲ್ಲ, ಮನೆಯಲ್ಲೇ ಇರುತ್ತೇನೆ.