ನಾನು ಬರೆಯದ ಮೂರು ವರ್ಷ

ಮಾರ್ಚ್ ೧೧, ಮಂಗಳವಾರ

ಪ್ರೀತಿಯ ಗುಂಡಣ್ಣನಿಗೆ,

ಚೆನ್ನಾಗಿದ್ದೀಯ ತಾನೆ? ನಿನ್ನ ಕಾಗದ ಬಂದು ತಿಂಗಳಾದರೂ ಉತ್ತರ ಬರೆಯಲಿಲ್ಲ, ಬೇಜಾರು ಮಾಡಿಕೊಳ್ಳಬೇಡ. ಕೆಲಸ ಸಿಕ್ಕಿತು ಎಂದೇ ಬರೆಯೋಣವೆಂದು ಕಾದೆ. ಸಿಕ್ಕಲಿಲ್ಲ. ಆದರೂ ಹೇಳುವುದು ಬೇಕಾದಷ್ಟಿದೆ.

ಕೆಲಸ ಕೊಡಿಸುವ ಏಜೆಂಟನ ಮೂಲಕ ಒಂದು ಕಾರ್ಖಾನೆಗೆ ಅರ್ಜಿ ಹಾಕಿದ್ದೆ. ಲೇತ್ ಯಂತ್ರದ ಕೆಲಸ, ನನ್ನ ಕೈಗೆ ಒಗ್ಗಿದ್ದೇ. ಸಂದರ್ಶನದಲ್ಲಿ ಫೋರ್‌ಮನ್ ಕನ್ನಡಕ ಏರಿಸಿಕೊಂಡು, "ಕಂಪ್ಯೂಟರ್ ಲೇತ್ ಮೇಲೆ ಮೂರು ವರ್ಷ ಮಾಡಿದೀರ. ಒಂದು ಪ್ರೋಗ್ರಾಂ ಹಾಕಿ ತೋರಿಸಿ" ಎಂದರು. ಏಜೆಂಟ್ ಕಳಿಸಿದ್ದ ಅರ್ಜಿಯನ್ನು ಅವರ ಕೈಯಿಂದ ಇಸಿದುಕೊಂಡು ನೋಡಿದರೆ, ಹೆಸರೇ ಕೇಳದ ಯಾವುದೋ ಕಾರ್ಖಾನೆಯಲ್ಲಿ ನಾನು ಮೂರು ವರ್ಷ ದುಡಿದಿದ್ದೇನೆ.

"ಸರ್, ನಾನು ಕಲಿತಿದ್ದು ಹಳೇ ಲೇತ್ ಮೇಲೆ. ಇದನ್ನ ನಾನು ಬರೆದಿಲ್ಲ" ಎಂದೆ.

"ಸಿಕ್ಕಿಬಿದ್ದಾಗ ಎಲ್ಲರೂ ಹಾಗೇ ಹೇಳ್ತಾರೆ" ಎಂದು ಅವರು ಕಾಗದ ಮಡಚಿದರು.

ಅಲ್ಲಿಂದ ನೇರ ಏಜೆಂಟನ ಆಫೀಸಿಗೆ ಹೋದೆ. "ಸ್ವಲ್ಪ ಉಪ್ಪು ಖಾರ ಸೇರಿಸಿದ್ದೆ ಅಷ್ಟೇ ಮೇಡಂ. ಹೂಂ ಅಂದು ಒಳಗೆ ಸೇರ್ಕೊಂಡಿದ್ರೆ ಆಮೇಲೆ ಕಲೀಬಹುದಿತ್ತು" ಎಂದ. ತಪ್ಪು ತನ್ನದೆಂದು ಕಾರ್ಖಾನೆಗೆ ಬರೆದುಕೊಡು ಎಂದೆ. ನಕ್ಕುಬಿಟ್ಟ.

ನಾನು ಮನೆಗೆ ಹೋಗಲಿಲ್ಲ. ಹೊರಗಿನ ಬೆಂಚಿನಲ್ಲಿ ಕೂತು, ಕಾಯುತ್ತಿದ್ದವರಿಗೆಲ್ಲ, "ನಿಮ್ಮ ಅರ್ಜೀಲಿ ಏನಿದೆ ಅಂತ ಒಂದ್ಸಲ ಕೇಳಿ ನೋಡಿ" ಎಂದೆ. ವೆಲ್ಡರ್ ಒಬ್ಬರು ಒಳಗೆ ಹೋಗಿ, ಪಟ್ಟು ಹಿಡಿದು ತಮ್ಮದನ್ನು ತಂದರು. ಅವರು ಇಂಜಿನಿಯರ್ ಆಗಿಬಿಟ್ಟಿದ್ದರು. "ನಮ್ಮನೇಲಿ ಇನ್ನೂ ಯಾರಿಗೂ ಗೊತ್ತಿಲ್ಲ" ಎಂದರು, ಬೆಂಚೆಲ್ಲ ನಕ್ಕಿತು. ಆಮೇಲೆ ಒಬ್ಬೊಬ್ಬರಾಗಿ ಎದ್ದರು. ಅಂದೇ ಏಳು ಜನ ಸೇರಿ ಕಾರ್ಮಿಕ ಇಲಾಖೆಗೆ ದೂರು ಕೊಟ್ಟೆವು. ಹೋದ ವಾರ ಅವನ ಪರವಾನಗಿ ತಡೆಹಿಡಿದರು.

ದೂರಿನ ಪ್ರತಿಯನ್ನೂ, ಕೈಯಾರೆ ಬರೆದ ಹೊಸ ಅರ್ಜಿಯನ್ನೂ ಫೋರ್‌ಮನ್ ಕೈಗೇ ಕೊಟ್ಟು ಬಂದೆ. ಎರಡನ್ನೂ ನಿಂತುಕೊಂಡೇ ಓದಿದರು. ಆ ಜಾಗ ತುಂಬಿದೆಯಂತೆ. "ಹಳೇ ಲೇತ್ ಕಡೆ ಖಾಲಿಯಾದ್ರೆ ಕರೀತೀನಿ" ಎಂದರು. ಕರೆಯದಿದ್ದರೆ ಇನ್ನೊಂದು ಗೇಟಿಗೆ ಹೋಗುತ್ತೇನೆ. ನನ್ನ ಪರವಾಗಿ ಇನ್ನು ಯಾರೂ ಬರೆಯುವುದು ಬೇಡ.

ಆರೋಗ್ಯ ನೋಡಿಕೋ. ನಿನ್ನ ಹೆಂಡತಿಗೂ ಮಗುವಿಗೂ ನನ್ನ ಆಶೀರ್ವಾದ. ಎಲ್ಲರೂ ತಣ್ಣಗಿರಿ.

ನಿನ್ನ
ಅಕ್ಕ

ತಾ.ಕ.: ಏಜೆಂಟ್ ಸುಳ್ಳು ತುಂಬಿದ ಆ ಮೂರು ವರ್ಷ, ಅಮ್ಮ ಹಾಸಿಗೆ ಹಿಡಿದಿದ್ದ ಮೂರು ವರ್ಷ. ಅರ್ಜಿ ತುಂಬುವಾಗ ಅವನು, ಆಗ ಏನು ಮಾಡುತ್ತಿದ್ದಿರಿ ಎಂದು ಕೇಳಿದಾಗ, "ಏನಿಲ್ಲ, ಮನೇಲಿ ಸುಮ್ನೆ ಇದ್ದೆ" ಎಂದವಳು ನಾನೇ. ಅದು ನಿನ್ನ ಮಾತು, ಗುಂಡಣ್ಣ. ಅಮ್ಮ ಹೋದ ದಿನ ನೀನು ನೆಂಟರ ಹತ್ತಿರ, "ಅಕ್ಕ ಹೇಗೂ ಮನೇಲಿ ಸುಮ್ನೆ ಇದ್ಲಲ್ಲ, ನೋಡ್ಕೊಂಡ್ಲು" ಎಂದೆ. ಬಾಗಿಲ ಹಿಂದೆ ನಾನಿದ್ದೆ. ಹೊಸ ಅರ್ಜಿಯಲ್ಲಿ ಆ ಮೂರು ವರ್ಷದ ಮುಂದೆ 'ತಾಯಿಯ ಆರೈಕೆ' ಎಂದು ಬರೆದಿದ್ದೇನೆ.